ಮೂರು ಚದರದ ಮನೆ, ಐದು ಕಡೆಯ ಸಾಲ

ನಮ್ಮಲ್ಲಿ ಮನೆಯನ್ನು ಚದರದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರವೆಂದರೆ ನೂರು ಚದರ ಅಡಿ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗೆ ಗೊತ್ತುಪಡಿಸಿರುವ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಅದು ಎರಡು ಮುಕ್ಕಾಲು ಚದರಕ್ಕೂ ತುಸು ಕಡಿಮೆ. ಅಮೆರಿಕದಲ್ಲಿ ‘ಟೈನಿ ಹೋಮ್’ ಎಂದು ಹೊಸ ಒಲವಾಗಿ ಹಬ್ಬಿರುವ ಪುಟ್ಟ ಮನೆಗೆ ಅಲ್ಲಿನ 2018ರ ಮಾದರಿ ಕಟ್ಟಡ ಸಂಹಿತೆ ಹಾಕಿಕೊಟ್ಟ ಮಿತಿ 400 ಚದರ ಅಡಿ. ದೊಡ್ಡ ಮನೆ ಸಾಕೆನಿಸಿ ಆಸೆಪಟ್ಟು ಚಿಕ್ಕದಕ್ಕೆ ಹೋಗುವವರು ಅಲ್ಲಿ ಕಟ್ಟುವುದಕ್ಕಿಂತ, ಬೇರೆ ದಾರಿಯಿಲ್ಲದೆ ಇಲ್ಲಿ ಕಟ್ಟುವ ಮನೆ ಇನ್ನೂ ಒಂದು ಚದರದಷ್ಟು ಕಿರಿದು. ಆದರೂ ಎರಡು ದೇಶಗಳ ಚಿಕ್ಕ ಮನೆಯವರಿಗೂ ಸಾಲ ಕೇಳುವಾಗ ಎದುರಾಗುವ ತೊಡಕಿನ ಬುಡ ಒಂದೇ. ಅಲ್ಲಿ ಚಕ್ರದ ಮೇಲೆ ನಿಂತ ಮನೆಗೆ ನೆಲವಿಲ್ಲವೆಂದು ಬ್ಯಾಂಕು ಗೃಹಸಾಲ ಕೊಡದೆ ವಾಹನದ ಸಾಲದ ಕಡೆ ಕಳಿಸುತ್ತದೆ. ಇಲ್ಲಿ ನೆಲವಿದ್ದರೂ ಅದರ ಕಾಗದ ಸರಿಯಿಲ್ಲವೆಂದು ವಾಪಸು ಕಳಿಸುತ್ತದೆ. ಗೃಹಸಾಲವೆಂದು ಕರೆದರೂ ಬ್ಯಾಂಕು ನಂಬುವುದು ಮನೆಯ ಕೆಳಗಿನ ಮಣ್ಣನ್ನು.

ಕರ್ನಾಟಕದಲ್ಲಿ ಎರಡು ಮೂರು ಚದರದಿಂದ ಹಿಡಿದು 20x30 ಸೈಟಿನ ಆರು ಚದರದವರೆಗೆ ಮನೆ ಕಟ್ಟಲು ಹೊರಟವರಿಗೆ ಹಣ ಎಲ್ಲೆಲ್ಲಿಂದ ಬರುತ್ತದೆ, ಯಾವ ಹಣಕ್ಕೆ ಯಾವ ಬೆಲೆ ತೆರಬೇಕಾಗುತ್ತದೆ ಎಂದು ಒಟ್ಟಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮನೆ ಚಿಕ್ಕದಾದಷ್ಟೂ ಬಡ್ಡಿ ದೊಡ್ಡದಾಗುತ್ತದೆ, ಸಾಲ ಕೊಡುವವರ ಸಂಖ್ಯೆಯೂ ಹೆಚ್ಚುತ್ತದೆ. ಐವತ್ತು ಲಕ್ಷದ ಫ್ಲಾಟು ಕೊಳ್ಳುವವರಿಗೆ ಒಂದೇ ಬ್ಯಾಂಕು ಸಾಕು. ಐದು ಲಕ್ಷದ ಮನೆ ಕಟ್ಟುವವರು ಪಂಚಾಯಿತಿ, ಸಂಘ, ಚೀಟಿ, ಗಿರವಿ ಅಂಗಡಿ, ಬೀಗರು ಎಂದು ಐದು ಬಾಗಿಲು ತಟ್ಟುತ್ತಾರೆ.

ಮೊದಲ ಬಾಗಿಲು ಸರ್ಕಾರದ್ದು. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ 1991–92ರ ಆಶ್ರಯ ಯೋಜನೆಯವರೆಗೆ, ಅಲ್ಲಿಂದ ಇಂದಿನ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳವರೆಗೆ ನಮ್ಮ ರಾಜ್ಯಕ್ಕೆ ಈ ಕೆಲಸದ ಉದ್ದನೆಯ ಅನುಭವವಿದೆ. 2000ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಇವುಗಳನ್ನು ನಡೆಸುತ್ತದೆ. ಹಳ್ಳಿಯಲ್ಲಿ ಯಾವ ಯೋಜನೆಯ ಮನೆ ಬಂದರೂ ಜನ ಅದನ್ನು ‘ಗ್ರಾಂಟ್ ಮನೆ’ ಎಂದೇ ಕರೆಯುತ್ತಾರೆ. 2016ರಲ್ಲಿ ಶುರುವಾದ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶಕ್ಕೆ ನಿಗದಿಪಡಿಸಿದ ಸಹಾಯಧನ 1.20 ಲಕ್ಷ ರೂಪಾಯಿ. ಅದರ ಜೊತೆಗೆ ಉದ್ಯೋಗ ಖಾತರಿಯ ಸುಮಾರು 90 ದಿನದ ಕೂಲಿ ಮತ್ತು ಶೌಚಾಲಯಕ್ಕೆ 12,000 ರೂಪಾಯಿಯನ್ನು ಸೇರಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. ಹಣ ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ, ಲಿಂಟಲ್, ಚಾವಣಿ, ಕೊನೆಗೆ ಪೂರ್ಣ ಮನೆ ಎಂದು ಒಂದೊಂದು ಹಂತ ಮುಗಿದಾಗಲೂ ಜಾಗದ ಗುರುತು ಸಮೇತ ಫೋಟೋ ಏರಿಸಬೇಕು. ಆಮೇಲೆ ಆ ಹಂತದ ಕಂತು ನೇರವಾಗಿ ಫಲಾನುಭವಿಯ ಖಾತೆಗೆ ಬೀಳುತ್ತದೆ.

ದುಡ್ಡು ನಡುವೆ ಸೋರದಂತೆ ತಡೆಯುವ ಮಟ್ಟಿಗೆ ಈ ಏರ್ಪಾಡು ಒಳ್ಳೆಯದು. ಆದರೆ ಕೆಲಸ ಮೊದಲು, ಹಣ ಆಮೇಲೆ ಎಂಬ ಕ್ರಮದಿಂದಾಗಿ ಪಾಯದ ಕಲ್ಲಿಗೆ, ಜಲ್ಲಿಗೆ, ಎಂ-ಸ್ಯಾಂಡಿಗೆ ಮೊದಲ ದುಡ್ಡನ್ನು ಮನೆಯವರೇ ಹೊಂದಿಸಬೇಕು. ಮನೆ ಕೊಡಲು ಸರ್ಕಾರ ಆರಿಸಿದ್ದೇ ಕೈಯಲ್ಲಿ ಕಾಸಿಲ್ಲದವರನ್ನು. ಅವರ ಮೊದಲ ಕೈಸಾಲ ಹುಟ್ಟುವುದು ಇಲ್ಲೇ, ಅದೂ ಮೂರು ರೂಪಾಯಿ ಬಡ್ಡಿಗೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಇನ್ನು ಮೊತ್ತದ ವಿಚಾರ. ಚದರಕ್ಕೆ ಎರಡು ಲಕ್ಷ ಎಂದು ಮೇಸ್ತ್ರಿ ಮಾತಾಡಿದರೆ ಯೋಜನೆಯ ಕನಿಷ್ಠ ಅಳತೆಯ ಮನೆಗೇ ಐದೂಕಾಲು ಲಕ್ಷ ದಾಟುತ್ತದೆ. 1.20 ಲಕ್ಷ ಅದರ ಕಾಲು ಭಾಗವೂ ಆಗಲಿಲ್ಲ. ಇದು ಯೋಜನೆ ರೂಪಿಸಿದವರಿಗೆ ತಿಳಿಯದ್ದೇನಲ್ಲ. ಬೇಕಾದವರು 70,000 ರೂಪಾಯಿವರೆಗೆ ಬ್ಯಾಂಕ್ ಸಾಲ ಪಡೆಯಬಹುದೆಂದು ಮಾರ್ಗಸೂಚಿಯಲ್ಲೇ ಬರೆದಿದ್ದರು. ಬರೆದದ್ದಕ್ಕೂ ಬ್ಯಾಂಕಿನ ಮೇಜಿಗೂ ನಡುವೆ ದೂರವಿದೆ. ಊರ ಹೊರಗಿನ ಬಡಾವಣೆಗಳಲ್ಲಿ ಲಿಂಟಲ್ ಮಟ್ಟಕ್ಕೆ ನಿಂತು, ಗೋಡೆಯ ನೆತ್ತಿಯಲ್ಲಿ ಹುಲ್ಲು ಬೆಳೆದ ಮನೆಗಳನ್ನು ಕಂಡವರಿಗೆ ಆ ದೂರದ ಅಂದಾಜು ಸಿಗುತ್ತದೆ.

ಬ್ಯಾಂಕು ಏಕೆ ಹಿಂಜರಿಯುತ್ತದೆ? ಐದು ಲಕ್ಷದ ಸಾಲಕ್ಕೂ ಐವತ್ತು ಲಕ್ಷದ ಸಾಲಕ್ಕೂ ವಕೀಲರ ಅಭಿಪ್ರಾಯ, ಮೌಲ್ಯಮಾಪಕರ ಭೇಟಿ, ಕಡತದ ಓಡಾಟ ಒಂದೇ. ಬರುವ ಬಡ್ಡಿ ಮಾತ್ರ ಹತ್ತನೇ ಒಂದು ಪಾಲು. ಇದರ ಮೇಲೆ ಗೃಹಸಾಲದ ಅರ್ಜಿಯ ನಮೂನೆಯೇ ಸಂಬಳದಾರನ ಅಳತೆಗೆ ಹೊಲಿದದ್ದು. 1977ರಲ್ಲಿ ಎಚ್.ಟಿ. ಪಾರೇಖ್ ಎಚ್‌ಡಿಎಫ್‌ಸಿಯನ್ನು ಕಟ್ಟುವ ಮುಂಚೆ ಮಧ್ಯಮ ವರ್ಗದವರು ಮನೆ ಕಟ್ಟುತ್ತಿದ್ದುದು ಹೆಚ್ಚಾಗಿ ನಿವೃತ್ತಿಯ ದುಡ್ಡಿನಲ್ಲಿ. ದುಡಿಯುವ ವಯಸ್ಸಿನಲ್ಲೇ ಮನೆ, ಸಂಬಳದಲ್ಲಿ ಕಂತು ಎಂಬ ಪದ್ಧತಿ ಬೇರೂರಿದ್ದು ಆಮೇಲೆ. ಬೆಂಗಳೂರಲ್ಲೇ 1987ರಲ್ಲಿ ಕೆನರಾ ಬ್ಯಾಂಕಿನ ಆಸರೆಯಲ್ಲಿ ಕ್ಯಾನ್ ಫಿನ್ ಹೋಮ್ಸ್ ಹುಟ್ಟಿತು. ಇವೆಲ್ಲ ಸಂಬಳದ ಚೀಟಿ ಇದ್ದವರಿಗೆ ದೊಡ್ಡ ಉಪಕಾರವನ್ನೇ ಮಾಡಿದವು. ಆಟೋ ಓಡಿಸುವವರು, ಹೂ ಕಟ್ಟಿ ಮಾರುವವರು, ಗಾರೆ ಕೆಲಸದವರು ಮಾತ್ರ ಈ ನಮೂನೆಯ ಯಾವ ಗೆರೆಯ ಮೇಲೂ ಕೂರಲಿಲ್ಲ. ಮನೆಗಳನ್ನು ಕಟ್ಟುವ ಗಾರೆಯವರಿಗೇ ಮನೆ ಸಾಲ ಸಿಗದು ಎಂಬುದನ್ನು ಯಾರೂ ತಮಾಷೆಯಾಗಿ ಹೇಳಬೇಕಾಗಿಲ್ಲ, ಅದು ಇದ್ದದ್ದೇ ಹಾಗೆ.

ರಿಸರ್ವ್ ಬ್ಯಾಂಕಿನ ನಿಯಮಗಳು ಚಿಕ್ಕ ಸಾಲದ ಪರವಾಗಿಯೇ ಇವೆ ಎಂಬುದನ್ನೂ ಹೇಳಬೇಕು. 30 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಬೆಲೆಯ ಶೇ 90ರಷ್ಟನ್ನು ಕೊಡಬಹುದು. 75 ಲಕ್ಷ ದಾಟಿದರೆ ಅದು ಶೇ 75ಕ್ಕೆ ಇಳಿಯುತ್ತದೆ. ನೋಂದಣಿ ಮತ್ತು ಮುದ್ರಾಂಕದ ಖರ್ಚನ್ನು ಆಸ್ತಿಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ, ಆದರೆ ಮನೆಯ ಬೆಲೆ 10 ಲಕ್ಷದೊಳಗಿದ್ದರೆ ಅದಕ್ಕೂ ವಿನಾಯಿತಿಯಿದೆ. ಇದು ಸಣ್ಣ ಸೌಲಭ್ಯವೆಂದು ಕಡೆಗಣಿಸುವಂತಿಲ್ಲ. 2025ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದ ಮೇಲೆ ಮುದ್ರಾಂಕ, ಸೆಸ್ಸು ಎಲ್ಲ ಕೂಡಿ ಸೈಟಿನ ಬೆಲೆಯ ಶೇ 7.6ರಷ್ಟು ಅದಕ್ಕೇ ಹೋಗುತ್ತದೆ. 20 ಲಕ್ಷದ ಸೈಟು ಕೊಂಡವರು ಒಂದೂವರೆ ಲಕ್ಷವನ್ನು ಸಾಲದ ಹೊರಗೆ, ಕೈಯಿಂದಲೇ ಹಾಕಬೇಕು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬ ನಿಯಮವೂ ಒಳ್ಳೆಯದೇ. ಮಗಳು ದುಡಿಯತೊಡಗಿದ ಮೇಲೆ ಒಂದಿಷ್ಟು ಅಸಲು ಕಟ್ಟುವ ಮನೆಗಳಿಗೆ ಇದರಿಂದ ನಿಜವಾದ ಉಳಿತಾಯವಿದೆ.

ಸಂಬಳದ ಚೀಟಿ ಇಲ್ಲದವರ ಕಡೆ ತಿರುಗಿದ್ದು ಕಿರು ಗೃಹಸಾಲದ ಕಂಪನಿಗಳು. ಇವುಗಳ ನೌಕರರು ಮನೆಗೇ ಬರುತ್ತಾರೆ. ಅಂಗಡಿಯ ಮುಂದೆ ನಿಂತು ವ್ಯಾಪಾರ ನೋಡುತ್ತಾರೆ, ಹಾಲಿನ ಡೈರಿಯ ಪುಸ್ತಕ, ಫೋನ್ ಪೇ ಲೆಕ್ಕ, ಪಿಗ್ಮಿ ಪಾಸ್‌ಬುಕ್ಕು ಕೇಳುತ್ತಾರೆ. ಲಿಖಿತ ಆದಾಯವಿಲ್ಲದ ಬದುಕನ್ನು ಓದಲು ಕಲಿತ ಮೊದಲ ಸಾಲದಾತರು ಇವರೇ ಎಂದರೆ ತಪ್ಪಾಗದು. ಆ ಓದಿನ ಕೂಲಿಯನ್ನೂ ವಸೂಲು ಮಾಡುತ್ತಾರೆ: ಬ್ಯಾಂಕುಗಳ ದರ ಶೇ 8ರಿಂದ 9ರ ಆಸುಪಾಸಿದ್ದರೆ ಇಲ್ಲಿ ಶೇ 12ರಿಂದ 16. ಅಂಕಿ ಹಾಕಿ ನೋಡಬೇಕು. 10 ಲಕ್ಷ ರೂಪಾಯಿ, 15 ವರ್ಷ. ಶೇ 8.5ಕ್ಕೆ ತಿಂಗಳ ಕಂತು ಸುಮಾರು 9,850 ರೂಪಾಯಿ. ಶೇ 14ಕ್ಕೆ ಸುಮಾರು 13,320. ತಿಂಗಳಿಗೆ 3,470 ರೂಪಾಯಿ ವ್ಯತ್ಯಾಸ, ಅವಧಿ ಮುಗಿಯುವ ಹೊತ್ತಿಗೆ ಆರು ಲಕ್ಷ ದಾಟುತ್ತದೆ. ಅದೇ ಮನೆ, ಅದೇ ಹತ್ತು ಲಕ್ಷ. ಇದರೊಳಗೆ ಒಂದೇ ಕಂತಿನ ಜೀವವಿಮೆಯನ್ನೂ ಸಾಲಕ್ಕೇ ಸೇರಿಸಿ, ಅದಕ್ಕೂ ಹದಿನೈದು ವರ್ಷ ಬಡ್ಡಿ ಹಾಕುವ ರೂಢಿಯಿದೆ. ವಿಮೆ ಇರುವುದು ಒಳ್ಳೆಯದು, ಆದರೆ ಅದು ಕಡ್ಡಾಯವಲ್ಲ ಎಂಬುದನ್ನು ಸಹಿ ಹಾಕಿಸುವವರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಇಷ್ಟು ದುಬಾರಿ ಸಾಲಕ್ಕೆ ಜನ ಹೋಗುವುದು ಬರೀ ಆದಾಯದ ಪುರಾವೆ ಇಲ್ಲವೆಂದಲ್ಲ. ಎರಡನೆಯ ಕಾರಣ, ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡ ಕಾರಣ, ನೆಲದ ಕಾಗದ. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟುಗಳಿವೆ: ಭೂ ಪರಿವರ್ತನೆಯಾಗದ, ಬಡಾವಣೆಗೆ ಅನುಮೋದನೆಯಿಲ್ಲದ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಮಾರಿದವು. ಅಲ್ಲಿನ ‘ಬಿ’ ಖಾತೆ ತೆರಿಗೆ ಕಟ್ಟಲು ಸಾಕು, ರಾಷ್ಟ್ರೀಕೃತ ಬ್ಯಾಂಕಿನ ಸಾಲಕ್ಕೆ ಸಾಲದು. ಪಂಚಾಯಿತಿ ವ್ಯಾಪ್ತಿಯಲ್ಲಿ ಅನುಮೋದಿತ ಆಸ್ತಿಯ ನಮೂನೆ 9 ಮತ್ತು 11ಎ ಇದ್ದವರು ಒಂದು ಜಾತಿ, ಅನುಮೋದನೆಯಿಲ್ಲದ ಆಸ್ತಿಗೆ ಸಿಗುವ ಬರೀ 11ಬಿ ಇದ್ದವರು ಇನ್ನೊಂದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಭೂ ಕಂದಾಯ ಕಾಯ್ದೆಯ ಕಲಂ 94ಸಿ (ಹಳ್ಳಿಯಲ್ಲಿ), 94ಸಿಸಿ (ಪಟ್ಟಣದಲ್ಲಿ) ಅಡಿಯಲ್ಲಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಾರೆ. ಅನಧಿಕೃತ ಬಡಾವಣೆ, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಆ ದಾರಿ ಮುಚ್ಚಿದಂತಾಯಿತು. ಊರೊಳಗಿನ ಪಿತ್ರಾರ್ಜಿತ ಮನೆಗಳ ಕಥೆ ಇನ್ನೂ ಗೋಜಲು. ಖಾತೆ ಅಜ್ಜನ ಹೆಸರಿನಲ್ಲಿ, ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಇಬ್ಬರು ಅಕ್ಕತಂಗಿಯರು. ಪೌತಿ ಖಾತೆಯಾಗಿಲ್ಲ, ವಿಭಾಗ ಪತ್ರ ನೋಂದಣಿಯಾಗಿಲ್ಲ. ಮೂರು ತಲೆಮಾರಿನಿಂದ ದೀಪ ಹಚ್ಚುತ್ತಿರುವ ಮನೆಯ ಮೇಲೆ ಮೂರು ಲಕ್ಷ ಸಾಲ ಹುಟ್ಟುವುದಿಲ್ಲ.

ತಾಂಡಾ, ಹಟ್ಟಿಗಳಲ್ಲಿ ಇದು ಇಡೀ ಊರಿನ ಸಮಸ್ಯೆಯಾಗಿತ್ತು. ಕಂದಾಯ ಗ್ರಾಮವೆಂದು ದಾಖಲೆಯಲ್ಲೇ ಇಲ್ಲದ ಊರಿನ ಮನೆಗೆ ಕಾಗದ ಎಲ್ಲಿಂದ ಬರಬೇಕು? 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಒಂದು ಸಮಾರಂಭ ಒಂದು ಪಕ್ಷದ್ದು, ಇನ್ನೊಂದು ಮತ್ತೊಂದರದ್ದು. ಯಾರು ಕೊಟ್ಟರೆಂಬ ಜಗಳ ವೇದಿಕೆಯವರಿಗೆ ಬಿಟ್ಟಿದ್ದು. ಮನೆಯ ಹಣಕಾಸಿನ ಮಟ್ಟಿಗೆ ಕಳೆದ ಹತ್ತು ವರ್ಷಗಳಲ್ಲಿ ಈ ಕಾಗದಕ್ಕಿಂತ ದೊಡ್ಡ ಸಹಾಯಧನ ಬಂದಿಲ್ಲ ಎಂದು ನಾನು ಹೇಳುತ್ತೇನೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆದು ಕೊಡುವ ಆಸ್ತಿ ಕಾರ್ಡಿನ ಉದ್ದೇಶಗಳಲ್ಲೂ ಸಾಲ ಸಿಗಬೇಕೆಂಬುದು ಒಂದು.

ಕಾಗದದ ಬೆಲೆಯನ್ನು ರೂಪಾಯಿಯಲ್ಲೇ ತೂಗಿ ನೋಡಬಹುದು. 2025ರ ನವೆಂಬರ್‌ನಿಂದ ಬೆಂಗಳೂರಿನಲ್ಲಿ ‘ಬಿ’ ಖಾತೆಯ ಸೈಟನ್ನು ‘ಎ’ ಖಾತೆಗೆ ಬದಲಿಸಿಕೊಳ್ಳಲು ಅವಕಾಶ ತೆರೆದರು, ಆಗ ಗೊತ್ತುಪಡಿಸಿದ ಶುಲ್ಕ ಮಾರ್ಗಸೂಚಿ ದರದ ಶೇ 5. ಚದರ ಅಡಿಗೆ 3,000 ರೂಪಾಯಿ ಮಾರ್ಗಸೂಚಿ ದರವಿರುವ ಕಡೆ 20x30 ಸೈಟಿಗೆ ಅದು 90,000 ರೂಪಾಯಿ. ಇಷ್ಟೊಂದೇ ಎಂದು ಎದೆ ಹಿಡಿದುಕೊಂಡವರನ್ನು ಕಂಡಿದ್ದೇನೆ. ಮೇಲೆ ಹೇಳಿದ 3,470 ರೂಪಾಯಿಯ ಕಂತಿನ ವ್ಯತ್ಯಾಸವನ್ನು ಇದರ ಪಕ್ಕ ಇಡಿ: ಶೇ 14ರ ಕಂಪನಿಯಿಂದ ಶೇ 8.5ರ ಬ್ಯಾಂಕಿಗೆ ದಾಟಲು ಈ ಖಾತೆಯೊಂದೇ ಅಡ್ಡಿಯಾಗಿದ್ದರೆ, ಕೊಟ್ಟ ಶುಲ್ಕ ಇಪ್ಪತ್ತಾರು ತಿಂಗಳಲ್ಲಿ ಮರಳಿ ಬರುತ್ತದೆ. ಉಳಿದ ಹದಿಮೂರು ವರ್ಷ ಲಾಭವೇ. ಹಾಗಾಗಿ ಪಾಯ ತೆಗೆಯುವ ಮುನ್ನ ಕಾಗದಕ್ಕೆ ಖರ್ಚು ಮಾಡಿ ಎಂಬುದು ಈ ಸಮೀಕ್ಷೆಯಲ್ಲಿ ನನಗೆ ಗಟ್ಟಿಯಾಗಿ ಹೇಳಬೇಕೆನಿಸುವ ಮಾತು. ಪೌತಿ ಖಾತೆ, ವಿಭಾಗ ಪತ್ರ, ಇ-ಖಾತೆ, ಇವಕ್ಕೆ ಹೋಗುವ ಆರು ತಿಂಗಳ ಓಡಾಟವನ್ನು ಮೇಸ್ತ್ರಿಯ ಲೆಕ್ಕದಲ್ಲೇ ಸೇರಿಸಬೇಕು.

ಕಾಗದದ ಸರಪಳಿಗೆ ಇತ್ತೀಚೆಗೆ ಇನ್ನೊಂದು ಕೊಂಡಿ ಸೇರಿತು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡವನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವ ಮುಂಚೆ ಸ್ವಾಧೀನಾನುಭವ ಪತ್ರವನ್ನು, ಎಂದರೆ ಎಲ್ಲರ ಬಾಯಲ್ಲಿರುವ ‘ಓಸಿ’ಯನ್ನು, ಬ್ಯಾಂಕುಗಳು ಪರಿಶೀಲಿಸಬೇಕೆಂದಿತು. ವಿದ್ಯುತ್ ಸಂಪರ್ಕಕ್ಕೂ ಅದೇ ಷರತ್ತು. ಗೋಪುರದಂಥ ಅಕ್ರಮ ಕಟ್ಟಡಗಳಿಗೆ ಕಡಿವಾಣ ಹಾಕಲು ಬಂದ ಆದೇಶ ಆರು ಚದರದ ಮನೆಗಳ ಮೀಟರನ್ನೂ ತಡೆದು ನಿಲ್ಲಿಸಿತು. 20x30ರಲ್ಲಿ ಸುತ್ತ ಜಾಗ ಬಿಟ್ಟು, ನಕ್ಷೆಯಂತೆ ಕಟ್ಟಿ, ಓಸಿ ಪಡೆದವರು ಎಷ್ಟು ಮಂದಿ? 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿಯವರೆಗಿನ ಸೈಟಿನ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ಚಿಕ್ಕ ಮನೆಯವರಿಗೆ ಅವರ ಚಿಕ್ಕತನವೇ ಅನುಕೂಲವಾದ ಅಪರೂಪದ ಸಂದರ್ಭ ಇದು.

ಬ್ಯಾಂಕು ಕೊಡದಾಗ, ಕೊಟ್ಟರೂ ಸಾಲದಾದಾಗ, ಉಳಿದ ಬಾಗಿಲುಗಳು. ಚಿನ್ನದ ಸಾಲದ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೋಲ್ಡ್ ಹಾಕುವ ವಾರ ಸೆಂಟ್ರಿಂಗಿನವರಿಗೆ, ಕಬ್ಬಿಣಕ್ಕೆ, ಸಿಮೆಂಟಿಗೆ ಒಟ್ಟಿಗೆ ದುಡ್ಡು ಬೇಕಾದಾಗ ಬಳೆ, ಸರ ಹೊರಗೆ ಬರುತ್ತವೆ. ಒಂದು ಗಂಟೆಯಲ್ಲಿ ಹಣ, ಖಾತೆ ಯಾವುದೆಂದು ಕೇಳುವವರಿಲ್ಲ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೆ ಕೊಡಲು ಒಪ್ಪಿತು, ಮೊದಲು ಅದು ಶೇ 75 ಇತ್ತು. ತೊಡಕಿರುವುದು ಅವಧಿಯಲ್ಲಿ. ಮನೆ ಹದಿನೈದು ವರ್ಷದ ಹೊರೆ, ಚಿನ್ನದ ಸಾಲ ಸಾಮಾನ್ಯವಾಗಿ ಒಂದು ವರ್ಷದ್ದು. ವರ್ಷ ವರ್ಷ ಬಡ್ಡಿ ಕಟ್ಟಿ ತಿರುಗಿ ಇಡುತ್ತ ಹೋದರೆ ಅಸಲು ಹಾಗೇ ಉಳಿಯುತ್ತದೆ. ಸಹಾಯಧನದ ಮುಂದಿನ ಕಂತು ಬರುವವರೆಗಿನ ಎರಡು ಮೂರು ತಿಂಗಳಿಗೆ, ಮೂರು ರೂಪಾಯಿ ಬಡ್ಡಿಯ ಕೈಸಾಲದ ಬದಲಿಗೆ, ಇದಕ್ಕಿಂತ ವಾಸಿಯಾದದ್ದು ಇನ್ನೊಂದಿಲ್ಲ. ಅದಕ್ಕಿಂತ ಉದ್ದಕ್ಕೆ ಎಳೆಯಬಾರದು.

ಚೀಟಿಯೂ ಹಾಗೆಯೇ. ಇಪ್ಪತ್ತು ಜನ ತಿಂಗಳಿಗೆ 10,000ದಂತೆ ಹಾಕುವ ಎರಡು ಲಕ್ಷದ ಚೀಟಿಯನ್ನು ಮೊದಲ ತಿಂಗಳುಗಳಲ್ಲೇ ಎತ್ತುವವರು ಐವತ್ತು ಸಾವಿರ ಬಿಟ್ಟುಕೊಡಬೇಕಾಗಬಹುದು, ಆ ಬಿಟ್ಟಿದ್ದೇ ಬಡ್ಡಿ. ಕೊನೆಯಲ್ಲಿ ಎತ್ತುವವರಿಗೆ ಅದು ಉಳಿತಾಯ. ಎರಡು ವರ್ಷದ ನಂತರ ಕಟ್ಟುತ್ತೇನೆ ಎಂದು ಗೊತ್ತಿರುವವರು ಇಂದೇ ಚೀಟಿ ಹಾಕಿ ಕೊನೆಗೆ ಎತ್ತಿದರೆ ಬ್ಯಾಂಕಿನ ಪಾಲು ಹೋಗಿ ಉಳಿಯುವ ಶೇ 10ರ ಕೈಹಣ ಅಲ್ಲಿಯೇ ಸಿದ್ಧವಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಯಲ್ಲಿ ನಡೆಸುವವರ ಕಮಿಷನ್ನಿಗೆ ಶೇ 7ರ ಮಿತಿಯಿದೆ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಚೀಟಿಯೂ ಇದೆ. ಓಣಿಯ ಅಕ್ಕ ನಡೆಸುವ ಚೀಟಿಯಲ್ಲಿ ಇರುವುದು ನಂಬಿಕೆ ಮಾತ್ರ, ಆಕೆ ಒಂದು ರಾತ್ರಿ ಮನೆ ಖಾಲಿ ಮಾಡಿದರೆ ದೂರು ಕೊಡಲು ಒಂದು ರಸೀದಿಯೂ ಇರುವುದಿಲ್ಲ.

ದಿನದ ದುಡಿಮೆಯವರ ಉಳಿತಾಯಕ್ಕೆ ಕರಾವಳಿ ಕೊಟ್ಟ ಕೊಡುಗೆ ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಲು ಶುರುಮಾಡಿದ ಪದ್ಧತಿ ಇಂದು ರಾಜ್ಯದ ಪ್ರತಿ ಪೇಟೆಯ ಸಹಕಾರಿ, ಸೌಹಾರ್ದ ಸಂಘಗಳಲ್ಲಿ ನಡೆಯುತ್ತಿದೆ. ಪಿಗ್ಮಿ ಕಟ್ಟಿದ ಸಂಘವೇ ಆಮೇಲೆ ಸದಸ್ಯನಿಗೆ ಸಾಲ ಕೊಡುತ್ತದೆ. ನೋಡಿದರೆ ದೇಶದ ಮೊದಲ ಗೃಹ ಸಹಕಾರ ಸಂಘ ಹುಟ್ಟಿದ್ದೂ ನಮ್ಮಲ್ಲೇ, 1909ರ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ. ಮುಂದಿನ ನೂರು ವರ್ಷದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘವೆಂದರೆ ಸೈಟು ಹಂಚುವ ಸಂಸ್ಥೆಯೆಂದೇ ಅರ್ಥವಾಗಿಬಿಟ್ಟಿತು. ಸಹಕಾರದ ತವರಲ್ಲಿ ಮೂರು ಚದರದ ಮನೆಗೆ ಸಾಲ ಕೊಡುವ ಗಟ್ಟಿಯಾದ ಸಹಕಾರಿ ಸಂಸ್ಥೆಯೊಂದು ರಾಜ್ಯದುದ್ದಕ್ಕೂ ಬೆಳೆಯಲಿಲ್ಲವಲ್ಲ ಎಂಬುದು ನನ್ನ ಹಳೆಯ ಕೊರಗು.

ಸ್ತ್ರೀಶಕ್ತಿ ಗುಂಪು, ಧರ್ಮಸ್ಥಳ ಸಂಘ, ಮೈಕ್ರೋಫೈನಾನ್ಸ್ ಎಂದು ವಾರದ ಕಂತಿನ ಸಾಲಗಳು ಬೇರೆ. ಒತ್ತೆ ಬೇಡ, ಗುಂಪೇ ಜಾಮೀನು. ಶೌಚಾಲಯಕ್ಕೆ, ಸೋರುವ ಹೆಂಚು ಬದಲಿಸಲು, ನೆಲಕ್ಕೆ ಟೈಲ್ಸ್ ಹಾಕಲು ಇವು ಅಳತೆಗೆ ಸರಿಹೊಂದುತ್ತವೆ. ಇಡೀ ಮನೆಯನ್ನೇ ಇವುಗಳ ಮೇಲೆ ನಿಲ್ಲಿಸಿದವರು ಒಂದು ಗುಂಪಿನ ಕಂತಿಗೆ ಇನ್ನೊಂದು ಗುಂಪಿನಲ್ಲಿ ಎತ್ತುತ್ತ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಆ ನಿಯಮ ಎಷ್ಟು ಪಾಲನೆಯಾಯಿತೆಂಬುದಕ್ಕೆ, ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದದ್ದು ಸಾಕ್ಷಿ. ಬಡ್ಡಿ ಹೇಳುವ ರೀತಿಯಲ್ಲೂ ಎಚ್ಚರ ಬೇಕು. ಒಂದು ಲಕ್ಷಕ್ಕೆ ಶೇ 12ರ ‘ಫ್ಲಾಟ್’ ದರದಲ್ಲಿ ಎರಡು ವರ್ಷ ಎಂದರೆ 24,000 ಬಡ್ಡಿ ಸೇರಿಸಿ ಸಮ ಕಂತು ಮಾಡುತ್ತಾರೆ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಪೂರ್ತಿ ಲಕ್ಷದ ಮೇಲೆ. ನಿಜವಾದ ದರ ಶೇ 21 ದಾಟುತ್ತದೆ.

ಕಾರ್ಖಾನೆ, ಗಾರ್ಮೆಂಟ್ಸ್ ನೌಕರರಿಗೆ ಪಿ.ಎಫ್. ಹಣವಿದೆ. ಮನೆಗೆಂದು ಅದನ್ನು ತೆಗೆಯಲು ಹಿಂದೆ ಐದು ವರ್ಷದ ಸದಸ್ಯತ್ವ ಬೇಕಿತ್ತು, 2025ರ ಅಕ್ಟೋಬರ್‌ನಲ್ಲಿ ಪಿ.ಎಫ್. ಮಂಡಳಿ ಅದನ್ನು ಹನ್ನೆರಡು ತಿಂಗಳಿಗೆ ಇಳಿಸಲು ತೀರ್ಮಾನಿಸಿತು. ಹಿಂದಿರುಗಿಸುವ ಕಂತಿಲ್ಲ, ಬಡ್ಡಿಯಿಲ್ಲ, ಮುಪ್ಪಿನ ಗಂಟು ಮಾತ್ರ ಕರಗುತ್ತದೆ.

ಇನ್ನು ಬೆಂಗಳೂರಿನಂಥ ಊರುಗಳಲ್ಲಿ ನೂರಾರು ಓಣಿಗಳನ್ನು ಎತ್ತರಿಸಿದ, ಆದರೆ ಯಾವ ಬ್ಯಾಂಕಿನ ವರದಿಯಲ್ಲೂ ಕಾಣದ ಒಂದು ಹಣಕಾಸಿದೆ: ಭೋಗ್ಯ. ಇಂಗ್ಲಿಷ್ ಕಲಿತವರು ಲೀಸ್ ಎನ್ನುತ್ತಾರೆ. 20x30 ಸೈಟಿನಲ್ಲಿ ಕೆಳಗೆ ತಮಗೊಂದು ಮನೆ, ಮೇಲೊಂದು ಬಾಡಿಗೆಗೆ. ಮೇಲಿನ ಮನೆಯ ಗೋಡೆ ಎದ್ದ ಹೊತ್ತಿಗೆ ಕೈ ಖಾಲಿ. ಆಗ ಒಬ್ಬರು ಬಂದು ಆರು ಲಕ್ಷ ಇಡುಗಂಟು ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಹೋಗುವಾಗ ಅಷ್ಟನ್ನೂ ಮರಳಿ ಪಡೆಯುತ್ತಾರೆ. ಆ ಆರು ಲಕ್ಷದಲ್ಲಿ ಪ್ಲಾಸ್ಟರು, ಬಾಗಿಲು ಕಿಟಕಿ, ಪೇಂಟು ಎಲ್ಲ ಮುಗಿಯುತ್ತದೆ. ಮನೆ ಓನರು ಇದನ್ನು ಬಡ್ಡಿಯಿಲ್ಲದ ಸಾಲವೆಂದುಕೊಳ್ಳುತ್ತಾರೆ, ಭೋಗ್ಯಕ್ಕೆ ಬಂದವರು ಬಾಡಿಗೆಯಿಲ್ಲದ ಮನೆಯೆಂದುಕೊಳ್ಳುತ್ತಾರೆ. ಇಬ್ಬರಿಗೂ ಖುಷಿ ಕೊಡುವ ಇಂಥ ಒಪ್ಪಂದ ಹಣಕಾಸಿನ ಲೋಕದಲ್ಲಿ ಅಪರೂಪ, ಅದಕ್ಕೇ ಅನುಮಾನದಿಂದ ನೋಡಬೇಕು. ಆ ಮನೆಗೆ ತಿಂಗಳಿಗೆ 8,000 ಬಾಡಿಗೆ ಬರುವಂತಿದ್ದರೆ ಓನರು ವರ್ಷಕ್ಕೆ 96,000 ಕಳೆದುಕೊಂಡರು. ಆರು ಲಕ್ಷಕ್ಕೆ ಅದು ಶೇ 16ರ ಬಡ್ಡಿ. ‘ಎ’ ಖಾತೆಯಿದ್ದು ಬ್ಯಾಂಕಿನಲ್ಲಿ ಶೇ 8.5ಕ್ಕೆ ಸಿಗುತ್ತಿದ್ದರೆ ಭೋಗ್ಯ ಅದರ ಹತ್ತಿರ ಹತ್ತಿರ ಎರಡು ಪಟ್ಟು ದುಬಾರಿ. ‘ಬಿ’ ಖಾತೆಯವರಿಗೆ ಮಾತ್ರ ಶೇ 14ರ ಕಂಪನಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಮೇಲಾಗಿ ತಿಂಗಳ ಕಂತಿನ ತಲೆನೋವಿಲ್ಲ. ಇಲ್ಲೂ ಕಾಗದವೇ ದರ ನಿರ್ಧರಿಸಿತು.

ಮೂರು ವರ್ಷದ ಕೊನೆಗೆ ಆರು ಲಕ್ಷ ಎಲ್ಲಿಂದ? ಮುಂದಿನ ಭೋಗ್ಯದವರಿಂದ. ಹೀಗೆ ಒಬ್ಬರ ಗಂಟಿನಿಂದ ಇನ್ನೊಬ್ಬರ ಗಂಟು ತೀರಿಸುತ್ತ ಹೋಗಬಹುದು, ಬರುವವರು ಸಿಗುವವರೆಗೆ. ಹೆಚ್ಚಿನ ಕರಾರುಗಳು ಹನ್ನೊಂದು ತಿಂಗಳ ಬಾಡಿಗೆಯಂತೆ ಛಾಪಾ ಕಾಗದದಲ್ಲಿ ಬರೆದವು, ವರ್ಷ ಮೀರಿದ ಕರಾರಿಗೆ ಬೇಕಾದ ನೋಂದಣಿಯಾಗಿರುವುದಿಲ್ಲ. ಅದೇ ಮನೆಯ ಮೇಲೆ ಸಾಲವಿದ್ದು ಓನರು ಕಂತು ನಿಲ್ಲಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಬೀಗ ಹಾಕಲು ಬಂದಾಗ ಭೋಗ್ಯದವರ ಛಾಪಾ ಕಾಗದವನ್ನು ಕೇಳುವವರಿಲ್ಲ. ಇಬ್ಬರು ಬಡವರ ಉಳಿತಾಯ ಒಂದೇ ಮನೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಭೋಗ್ಯವನ್ನು ನಿಷೇಧಿಸಿದರೆ ಓಣಿಗಳ ಕಟ್ಟಡ ಕೆಲಸವೇ ನಿಂತೀತು. ನೋಂದಣಿ ಖರ್ಚು ಇಳಿಸಿ, ಋಣಭಾರ ಪತ್ರದಲ್ಲಿ (ಇ.ಸಿ.) ಅದು ಕಾಣುವಂತೆ ಮಾಡಿದರೆ ಅರ್ಧ ಅನಾಹುತ ತಪ್ಪುತ್ತದೆ.

ಬೆಂಗಳೂರಿನ ಐಟಿ ಮಂದಿ ವಾರಾಂತ್ಯಕ್ಕೆಂದು ಜಮೀನಿನಲ್ಲಿ ಇಡಿಸುವ ಕಂಟೇನರ್ ಮನೆಗಳ ಬಗ್ಗೆ ಒಂದು ಮಾತು. 2020ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಕ್ರೇನಿನಲ್ಲಿ ಇಳಿಸಿ ಕ್ರೇನಿನಲ್ಲೇ ಎತ್ತಬಹುದಾದ ಮನೆಗೆ ಗೃಹಸಾಲ ಸಿಗುವುದಿಲ್ಲ, ಪರಿವರ್ತನೆಯಾಗದ ನೆಲದಲ್ಲಂತೂ ಇಲ್ಲವೇ ಇಲ್ಲ. ಐದು ವರ್ಷದ ವೈಯಕ್ತಿಕ ಸಾಲವೇ ಗತಿ. ಆ ಸಾಲ ತೀರಿಸಬಲ್ಲವರೇ ಇಂಥ ಮನೆ ಕೊಳ್ಳುವುದರಿಂದ ಇಲ್ಲಿ ಅವರ ಚಿಂತೆ ಬೇಡ.

ನಗರದವರಿಗೆ ಈಗಿರುವ ಬಡ್ಡಿ ಸಹಾಯಧನ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಗರ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯದು. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದು, ದೇಶದಲ್ಲಿ ಬೇರೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಮೊದಲ 8 ಲಕ್ಷಕ್ಕೆ ಹನ್ನೆರಡು ವರ್ಷದವರೆಗೆ ಶೇ 4ರ ಲೆಕ್ಕದಲ್ಲಿ, ಗರಿಷ್ಠ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. 2022ರಲ್ಲಿ ಮುಗಿದ ಹಳೆಯ ಯೋಜನೆ ಬಡವರಿಗೆ 2.67 ಲಕ್ಷದವರೆಗೆ ಕೊಡುತ್ತಿತ್ತು, ಅದೂ ಒಟ್ಟಿಗೆ ಅಸಲಿಗೇ ಜಮೆಯಾಗಿ. ಈಗ ಸಾಲ ಚಾಲ್ತಿಯಲ್ಲಿದ್ದು ಅಸಲಿನ ಅರ್ಧದಷ್ಟಾದರೂ ಉಳಿದಿರಬೇಕೆಂಬ ಷರತ್ತಿದೆ. ಹಾಗಾಗಿ ಬೇಗ ತೀರಿಸುವ ಹುಮ್ಮಸ್ಸಿನವರು ಐದನೆಯ ಕಂತು ಬರುವವರೆಗೆ ಕೈ ತಡೆಯುವುದು ಮೇಲು. ಮತ್ತೆ ಇದೂ ಬ್ಯಾಂಕಿನ ಮೂಲಕವೇ ಬರುವ ಹಣ. ಸಾಲ ಮಂಜೂರಾಗದವರಿಗೆ ಬಡ್ಡಿಯ ಸಹಾಯವೂ ಇಲ್ಲ.

ಸಾಲ ತೀರಿದ ದಿನದ ಕೆಲಸವೊಂದು ಬಾಕಿ ಇರುತ್ತದೆ. 2023ರ ಡಿಸೆಂಬರ್‌ನಿಂದ, ಪೂರ್ತಿ ತೀರಿಸಿದ ಮೂವತ್ತು ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಿ, ನೋಂದಣಿಯಾದ ಒತ್ತೆಯನ್ನು ತೆಗೆಸದ ಸಂಸ್ಥೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಸಾಲಗಾರರಿಗೆ ಕೊಡಬೇಕು. ಕ್ರಯಪತ್ರ ಕೈಗೆ ಬಂದೊಡನೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊಸ ಇ.ಸಿ. ತೆಗೆಸಿ ನೋಡಬೇಕು. ಒತ್ತೆ ಇನ್ನೂ ಅದರಲ್ಲಿ ಕುಳಿತಿದ್ದರೆ, ಮಗನೋ ಮಗಳೋ ಮೇಲೊಂದು ಅಂತಸ್ತು ಎತ್ತಲು ಸಾಲ ಕೇಳಿದ ದಿನ ಕಡತ ಅಲ್ಲೇ ನಿಲ್ಲುತ್ತದೆ.